ಅತ್ತಿಗೆಯ ಕನ್ನಡ

ಟಿವಿಯ ಪಕ್ಕದಲ್ಲಿ ಒಂದು ಮಣೆ. ಅದರ ಮೇಲೆ ಗೋಡೆಗೆ ಬೆನ್ನು ಕೊಟ್ಟು ಕೂತ ಕುಮುದಾ ಅತ್ತಿಗೆ. ಪರದೆಯನ್ನು ಓರೆಗಣ್ಣಿನಲ್ಲಷ್ಟೇ ನೋಡುತ್ತಿದ್ದಳು, ಮುಖವೆಲ್ಲ ನಮ್ಮ ಕಡೆಗೆ. ಕೈ ನೆನೆಸಿದ ಅವರೆಕಾಳನ್ನು ಹಿತುಕುತ್ತಿತ್ತು, ತುಟಿ ಹಿಂದಿಯ ಬೆನ್ನು ಹತ್ತಿ ಕನ್ನಡ ಆಡುತ್ತಿತ್ತು. ಅವಳನ್ನು ನೆನೆದಾಗಲೆಲ್ಲ ನನಗೆ ಮೊದಲು ಕಾಣುವುದು ಆ ಮಣೆ, ಆ ತುಟಿ.

ಅತ್ತಿಗೆಯ ತಂದೆ ರೈಲ್ವೆ ಗಾರ್ಡ್ ಆಗಿದ್ದರು. ಉತ್ತರದ ಊರುಗಳ ಕ್ವಾರ್ಟರ್ಸುಗಳಲ್ಲಿ ಬೆಳೆದ ಅವಳಿಗೆ ಹಿಂದಿ ನೀರು ಕುಡಿದಷ್ಟು ಸಲೀಸು. ಅಮ್ಮನಿಗೆ ಅದರ ಗಂಧವೂ ಇರಲಿಲ್ಲ. ಆದರೂ ಸಂಜೆಯ ಆ ಹಿಂದಿ ಧಾರಾವಾಹಿ ತಪ್ಪಿದರೆ ಅವಳಿಗೆ ಊಟ ಸೇರುತ್ತಿರಲಿಲ್ಲ. ದೊಡ್ಡ ಬಂಗಲೆಯ ಹುಡುಗಿ, ಅದೇ ಮನೆಯ ಡ್ರೈವರನ ಮಗ, ಇಬ್ಬರ ನಡುವೆ ಜರಿ ಸೀರೆಯುಟ್ಟು ಕಂಬದಂತೆ ನಿಂತ ಹುಡುಗಿಯ ಅಜ್ಜಿ. ಪಕ್ಕದ ಮನೆಯ ಸಾವಂತ್ರಮ್ಮನೂ ಬಂದು ಕೂರುತ್ತಿದ್ದರು.

“ಏನಂತೆ ಕುಮುದಾ, ಮುದುಕೀದು?” ಅಮ್ಮ ಕೇಳುವಳು.

“ಹೊಸಿಲು ದಾಟಿದರೆ ಕಾಲು ಮುರಿಸ್ತೀನಿ ಅಂತಿದ್ದಾಳೆ ಅತ್ತೆ, ಆ ಹುಡುಗನ್ನ.”

“ಅವಳ ಬಾಯಿಗೆ ಹುಳ ಬೀಳ. ಮಲಗುವಾಗಲೂ ಅಷ್ಟು ಒಡವೆ ಹೇರ್ಕೊಂಡಿರ್ತಾಳಲ್ಲ, ಚುಚ್ಚಲ್ವಾ ಅವಳಿಗೆ?” ಎನ್ನುತ್ತಿದ್ದರು ಸಾವಂತ್ರಮ್ಮ.

ಅಮ್ಮ ನಗುತ್ತಿರಲಿಲ್ಲ. ಡ್ರೈವರನ ಮಗನಿಗಾಗಿ ಸೆರಗಿನ ತುದಿಯಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

ನಮ್ಮದು ಜವಳಿ ಅಂಗಡಿ, ಹಿಂದೆಯೇ ಮನೆ. ಅಂಗಡಿಯ ಜಗಲಿಯ ಮೇಲೆ ಹೊಲಿಗೆ ಯಂತ್ರ ಇಟ್ಟುಕೊಂಡು ನಾಮದೇವ ಕೂರುತ್ತಿದ್ದ. ಅವನ ಅಪ್ಪನೂ ಅಲ್ಲೇ ಕೂತು ಹೊಲಿದವರು. ನಮ್ಮಲ್ಲಿ ಬಟ್ಟೆ ಕೊಂಡವರು ಅವನಿಗೆ ಅಳತೆ ಕೊಟ್ಟು ಹೋಗುತ್ತಿದ್ದರು. ಅವನ ಕಾಫಿ ಲೋಟದ ಜಾಗ ಹೊರಗಿನ ಕಿಟಕಿಯ ಕಟ್ಟೆ. ಕುಡಿದು, ತೊಳೆದು, ಬೋರಲು ಹಾಕುವುದು ಅವನದೇ ಕೆಲಸ. ನಾನು ಆ ಲೋಟಕ್ಕೆ ಕಾಫಿ ಬಗ್ಗಿಸುತ್ತ ಬಗ್ಗಿಸುತ್ತಲೇ ಅವನನ್ನು ಮೆಚ್ಚಿದವಳು.

ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ಅಮ್ಮನ ಮಾತೇ ಮಾತು; ಅಣ್ಣ ಅದನ್ನು ಮೀರುವವನಲ್ಲ. ಮದುವೆಯಾದರೆ ನಾಮದೇವನನ್ನೇ ಎಂದು ನಾನು ಹೇಳಿದ ದಿನ ಅಮ್ಮ ಕೂಗಾಡಲಿಲ್ಲ.

“ಜಗಲಿ ಮೇಲೆ ಕೂರೋನು ಜಗಲಿ ಮೇಲಿದ್ರೇ ಚೆಂದ. ನಡುಮನೆಗೆ ಕರೆದು ಮಣೆ ಹಾಕಕ್ಕಾಗುತ್ತಾ?” ಎಂದಳು. ಮರುಕ್ಷಣವೇ, “ಟಿವಿ ಹಾಕು, ಹೊತ್ತಾಯ್ತು” ಎಂದಳು.

ಅಂದೂ ಅವಳು ಡ್ರೈವರನ ಮಗನಿಗಾಗಿ ಅತ್ತಳು. ನಾನು ಅಡುಗೆಮನೆಯಲ್ಲಿ ಅತ್ತೆ. ಅತ್ತಿಗೆ ಇಬ್ಬರನ್ನೂ ನೋಡಿದಳು.

ಆಮೇಲೆ ಧಾರಾವಾಹಿಯ ಅಜ್ಜಿ ಮೆಲ್ಲಮೆಲ್ಲಗೆ ಮೆತ್ತಗಾಗತೊಡಗಿದರು. ಮುಖ ಗಂಟಿಕ್ಕಿದ್ದರೂ ಮಾತು ಮಾತ್ರ ಮೆದು. “ಹುಡುಗ ಕಷ್ಟಪಟ್ಟು ದುಡಿಯೋನು ಅಂತ ಒಳಗೊಳಗೇ ಮೆಚ್ಚಿದ್ದಾಳೆ ಅತ್ತೆ, ತೋರಿಸ್ಕೊಳ್ಳಲ್ಲ” ಎನ್ನುತ್ತಿದ್ದಳು ಅತ್ತಿಗೆ.

ಒಂದು ಸಂಜೆ ಅಜ್ಜಿ ಹುಡುಗನ ಕೊರಳಲ್ಲಿದ್ದ ಪದಕವನ್ನು ಹಿಡಿದು, ಹೊರಳಿಸಿ ನೋಡಿ, ಕಣ್ಣಿಗೊತ್ತಿಕೊಂಡು, ಅವನನ್ನು ಅಪ್ಪಿಕೊಂಡರು. ಬಂಗಲೆಯ ದೊಡ್ಡ ಬಾಗಿಲು ತೆರೆಯಿತು.

“ಪದಕ ಯಾಕೆ ಕಣ್ಣಿಗೊತ್ತಿಕೊಂಡ್ಲೇ?” ಅಮ್ಮ ಮುಂದಕ್ಕೆ ಬಾಗಿದಳು.

ಅತ್ತಿಗೆಯ ಕೈಯಲ್ಲಿನ ಅವರೆಕಾಳು ಹಿತುಕದೆ ಹಾಗೇ ನಿಂತಿತು. “ಅದು ಅವನ ತಾಯೀದು ಅತ್ತೆ. ‘ನಿಮ್ಮಮ್ಮ ನಮ್ಮನೇಲಿ ಪಾತ್ರೆ ತೊಳೆದವಳು. ಅವಳು ತೊಳೆದ ತಟ್ಟೇಲಿ ಇಷ್ಟು ವರ್ಷ ಉಂಡಿದ್ದೀನಿ. ಅವಳ ಮಗನ್ನ ಒಳಗೆ ಕರೆಯೋಕೆ ನನಗ್ಯಾಕಪ್ಪ ಇಷ್ಟು ದಿನ ಬೇಕಾಯ್ತು’ ಅಂತಿದ್ದಾಳೆ.”

ಪರದೆಯ ಮೇಲೆ ಅಜ್ಜಿ ಆಡಿದ್ದು ಎರಡೇ ಮಾತು. ಅತ್ತಿಗೆಯ ಕನ್ನಡ ಮುಗಿಯುವಷ್ಟರಲ್ಲಿ ಸಾಬೂನಿನ ಜಾಹೀರಾತು ಬಂದಿತ್ತು. ನಾನದನ್ನು ಗಮನಿಸಿದೆ. ಗಮನಿಸಿಯೂ ಅವರೆಕಾಳಿನ ಬೋಗುಣಿಯನ್ನು ನನ್ನತ್ತ ಎಳೆದುಕೊಂಡು ತಲೆ ತಗ್ಗಿಸಿದೆ.

ಮರುದಿನ ಬೆಳಿಗ್ಗೆ ಅಮ್ಮ ಒಳಗಿನ ಲೋಟದಲ್ಲಿ ಕಾಫಿ ತುಂಬಿಕೊಂಡು ತಾನೇ ಜಗಲಿಗೆ ಹೋದಳು. “ಇದನ್ನ ತೊಳೀಬೇಡ, ಕೊಡು ಇಲ್ಲಿ” ಎಂದು ಕೈಚಾಚಿ ಕಾದು ನಿಂತಳು. ನಾಮದೇವನ ಕಾಲು ಯಂತ್ರದ ಮೇಲೆ ನಿಂತೇಹೋಗಿತ್ತು. ಶ್ರಾವಣ ಮುಗಿಯುವ ಮೊದಲೇ ನನ್ನ ಮದುವೆಯಾಯಿತು. ನಡುಮನೆಯಲ್ಲಿ ಅಮ್ಮನೇ ಅವನಿಗೆ ಮಣೆ ಹಾಕಿದಳು.

ನನ್ನ ಸೀಮಂತಕ್ಕೆ ಉತ್ತರದಲ್ಲಿ ನೆಲೆಸಿದ್ದ ಚಿಕ್ಕಮ್ಮ ಬಂದಳು. ಹೆಂಗಸರ ನಡುವೆ ಅಮ್ಮ ಹೆಮ್ಮೆಯಿಂದ ಹೇಳುತ್ತಿದ್ದಳು. “ಆ ಬಂಗಲೆ ಮುದುಕೀನೇ ಬಡವರ ಹುಡುಗನ್ನ ಅಪ್ಪಿಕೊಂಡಳಂತೆ. ನನ್ನದೇನು ಅವಳದಕ್ಕಿಂತ ದೊಡ್ಡ ಮನೇನೇ ಅನ್ನಿಸ್ತು.”

ಚಿಕ್ಕಮ್ಮ ನಕ್ಕುಬಿಟ್ಟಳು. “ಎಲ್ಲಿಯ ಬಡವನೇ ಅಕ್ಕ? ಪದಕ ನೋಡಿ ಗೊತ್ತಾಯ್ತಲ್ಲ, ಅವನು ಕಳೆದುಹೋಗಿದ್ದ ಕೋಟ್ಯಧೀಶ್ವರನ ಮಗ. ಡ್ರೈವರ್ ಸಾಕಿದ್ದು ಅಷ್ಟೆ. ಬಡವ ಆಗಿದ್ದಿದ್ರೆ ಆ ಮುದುಕಿ ಬಾಗಿಲು ತೆಗೀತಿದ್ಲಾ?”

ಅತ್ತಿಗೆ ನನಗೆ ಹಸಿರು ಬಳೆ ತೊಡಿಸುತ್ತಿದ್ದಳು. ಅವಳ ಬೆರಳು ನನ್ನ ಮಣಿಕಟ್ಟಿನ ಮೇಲೆ ತಣ್ಣಗಾದದ್ದು ಇಂದಿಗೂ ನೆನಪಿದೆ.

ಹೆಂಗಸರೆಲ್ಲ ಹೋದ ಮೇಲೆ ಅಮ್ಮ ಅತ್ತಿಗೆಯನ್ನು ಕೇಳಿದ್ದು ಒಂದೇ. “ಹಿಂದಿ ಬರದವಳು ಅಂತ ತಾನೆ?”

ಅತ್ತಿಗೆ ನೆಲ ನೋಡಿದಳು. ನಾನೇ ಬಾಯಿ ಹಾಕಿದೆ. “ಅದು ಬರೀ ಧಾರಾವಾಹಿ ಕಣಮ್ಮ. ನಿನ್ನ ಅಳಿಯನ್ನ ಕಂಡರೆ ನಿನಗೀಗ ಇಷ್ಟ ಇಲ್ವಾ?”

“ಇಷ್ಟ ಇದೆ. ಮಗನಿಗಿಂತ ಹೆಚ್ಚು ನೋಡ್ಕೋತಾನೆ.” ಅಮ್ಮನ ದನಿ ಏರಲಿಲ್ಲ. “ಆದರೆ ನಾನು ಬದಲಾದೆ ಅಂದ್ಕೊಂಡಿದ್ದೆ. ಬದಲಾಗಿದ್ದು ನನ್ನ ಮನಸ್ಸೋ, ಇವಳ ಮಾತೋ? ಈಗ ಹೇಗೆ ತಿಳ್ಕೊಳ್ಳಲಿ, ಹೇಳು.”

ನನಗೂ ಆ ಪದಕದ ಸಂಜೆಯೇ ಅನುಮಾನ ಬಂದಿತ್ತು ಎಂದಿದ್ದರೆ ಅತ್ತಿಗೆಯ ಹೊರೆ ಅರ್ಧವಾದರೂ ಇಳಿಯುತ್ತಿತ್ತು. ಬಸುರಿಯನ್ನು ಯಾರು ಬೈದಾರು? ಆದರೂ ನನ್ನ ನಾಲಿಗೆ ಏಳಲಿಲ್ಲ.

“ಯಾಕೆ ಹಾಗೆ ಹೇಳಿದೆ ಅತ್ತಿಗೆ?” ಹಿತ್ತಲಲ್ಲಿ ಕೇಳಿದೆ.

ಅವಳು ಒಣಗಿದ ಬಟ್ಟೆ ಮಡಿಸುತ್ತಿದ್ದಳು. “ಹಿಂದೀಲಿ ಯಾವಾಗಲೂ ಹಾಗೇ ಕಣೆ ಆಗೋದು. ಕನ್ನಡದಲ್ಲಾದರೂ ಬೇರೆ ಆಗಲಿ ಅಂತ.”

ಅಮ್ಮ ಸೊಸೆಯನ್ನು ಬೈಯಲಿಲ್ಲ, ಊಟಕ್ಕೆ ಕರೆಯುವುದನ್ನು ಬಿಡಲಿಲ್ಲ. “ಏನಂತೆ ಕುಮುದಾ?” ಎಂದು ಕೇಳುವುದನ್ನು ಮಾತ್ರ ಬಿಟ್ಟಳು.

ಈಗಲೂ ನಾವು ತವರಿಗೆ ಹೋಗುತ್ತೇವೆ. ನಾಮದೇವ ನಡುಮನೆಯ ಕುರ್ಚಿಯಲ್ಲಿ ಕೂರುತ್ತಾರೆ. ಅತ್ತಿಗೆ ಬೆಳ್ಳಿ ಲೋಟದಲ್ಲಿ ಕಾಫಿ ತಂದುಕೊಡುತ್ತಾಳೆ. ಸಂಜೆಯಾದರೆ ಅಮ್ಮ ತಾನೇ ಎದ್ದು ಟಿವಿ ಹಾಕಿ, ಯಾವುದೋ ಬಂಗಲೆಯನ್ನು, ಯಾವುದೋ ಅಜ್ಜಿಯನ್ನು, ಒಂದು ಮಾತೂ ತಿಳಿಯದೆ ಕಣ್ಣು ಕಿರಿದು ಮಾಡಿಕೊಂಡು ನೋಡುತ್ತಾಳೆ. ಪಕ್ಕದ ಮಣೆಯ ಮೇಲೆ ಅವಳ ಔಷಧಿಯ ಡಬ್ಬಿ ಇರುತ್ತದೆ.

ಅತ್ತಿಗೆ ಅಡುಗೆಮನೆಯ ಬಾಗಿಲಿಗೆ ಬಂದು ಒರಗಿ ನಿಲ್ಲುತ್ತಾಳೆ. ನಾನು ಆ ಕಡೆ ನೋಡಬಾರದೆಂದುಕೊಂಡೇ ನೋಡುತ್ತೇನೆ. ಅಮ್ಮನ ಬೆನ್ನ ಹಿಂದೆ, ದನಿಯಿಲ್ಲದೆ, ಅವಳ ತುಟಿ ಅಲುಗುತ್ತಿರುತ್ತದೆ.