ಬಾಳಿಕಾಯಿ ಕಾಕಾ ಗಟ್ಟಿ ಮಾಡಿದ ಗೆರೆ

ನಾನು ಒಂದು ಕಾದಂಬರಿ. ನೂರ ಎಂಬತ್ತನಾಲ್ಕು ಪುಟ, ತೆಳು ರಟ್ಟು, ಬೆನ್ನಿನ ಮೇಲೆ ಓರೆಯಾಗಿ ಕೂತ ಹೆಸರು. ಗದಗಿನ ಒಂದು ಸಣ್ಣ ಮುದ್ರಣಾಲಯದಲ್ಲಿ ಹುಟ್ಟಿದೆ. ನನ್ನೊಡನೆ ಮುನ್ನೂರು ಮಂದಿ ಅಣ್ಣತಮ್ಮಂದಿರು ಹುಟ್ಟಿದರು. ಅಂಟು ಒಣಗುವವರೆಗೂ ನಮ್ಮ ಮೇಲೆ ಕಬ್ಬಿಣದ ಭಾರ ಹೇರಿದ್ದರು. ಸುಮ್ಮನಿರುವುದು ನನಗೆ ಅವತ್ತಿನಿಂದಲೇ ಆಗಿಬರುವುದಿಲ್ಲ. ಯಾರಾದರೂ ತೆಗೆಯಲಿ, ಓದಲಿ, ಬೈಯಲಿ. ಮುಚ್ಚಿ ಮಾತ್ರ ಇಡಬಾರದು.

ನನ್ನೊಳಗೆ ಇಬ್ಬರು ಹುಡುಗಿಯರಿದ್ದಾರೆ. ಒಬ್ಬಳು ನೇಕಾರರ ಮನೆಯವಳು, ಇನ್ನೊಬ್ಬಳು ಪೋಸ್ಟ್ ಮಾಸ್ತರರ ಮಗಳು. ಇಬ್ಬರೂ ಒಬ್ಬರನ್ನೊಬ್ಬರು ಪ್ರೀತಿಸುತ್ತಾರೆ. ಇಷ್ಟೇ ನನ್ನ ಕಥೆ. ಇಷ್ಟಕ್ಕೇ ಧಾರವಾಡದ ಅಂಗಡಿಯವನು ನನ್ನನ್ನು ಎಲ್ಲಿಡಬೇಕೋ ತಿಳಿಯದೆ ಒಮ್ಮೆ ಆರೋಗ್ಯದ ಪುಸ್ತಕಗಳ ಸಾಲಿಗೆ, ಒಮ್ಮೆ ಸ್ತ್ರೀಯರ ಸಾಲಿಗೆ ತಳ್ಳಿದ. ಕೊನೆಗೆ ಉಪ್ಪಿನಕಾಯಿ ಮಾಡುವ ವಿಧಾನಗಳ ಪಕ್ಕ ಎರಡು ವರ್ಷ ಕೂತೆ. ಬೇಜಾರಿಗೂ ಒಂದು ಮಿತಿ ಬೇಡವೇ?

ನನ್ನನ್ನು ಅಲ್ಲಿಂದ ಬಿಡಿಸಿದವರು ಹಲ್ಲಿನ ಡಾಕ್ಟರು ಶೈಲಜಾ ಅಂಗಡಿ. ರವಿವಾರ ಬೆಳಿಗ್ಗೆ ಅವರ ದವಾಖಾನೆಗೆ ರಜೆ. ಆಗ ಓದುವ ಹುಚ್ಚಿನ ಏಳೆಂಟು ಜನ ಅಲ್ಲಿ ಸೇರುತ್ತಿದ್ದರು. ಮೊದಲು ಎಲ್ಲರೂ ಈ ವಾರ ಏನು ಓದುತ್ತಿದ್ದೇವೆ ಎಂದು ಹೇಳಬೇಕು. ಮೂರು ವರ್ಷದಿಂದ ಒಂದೇ ಪುಸ್ತಕದ ಅರುವತ್ತನೇ ಪುಟದಲ್ಲಿ ನಿಂತವರೂ ಅಲ್ಲಿದ್ದರು, ನಾಚಿಕೆಯಿಲ್ಲದೆ ಹೇಳುತ್ತಿದ್ದರು. ಪುಸ್ತಕಗಳು ಕೈಯಿಂದ ಕೈಗೆ ಹೋಗುತ್ತಿದ್ದವು. ಓದಿದವರು ಮನಸ್ಸಿಗೆ ತಟ್ಟಿದ ಒಂದು ಸಾಲಿಗೆ ಪೆನ್ಸಿಲಿನಿಂದ ಗೆರೆ ಎಳೆಯಬೇಕು. ಆಮೇಲೆ ಹಲ್ಲು ನೋಡುವ ಆ ದೊಡ್ಡ ಕುರ್ಚಿಯ ಮೇಲೆ ಕೂತು ಆ ಸಾಲನ್ನು ಓದಿ, ಯಾಕೆ ತಟ್ಟಿತು ಎಂದು ಹೇಳಬೇಕು. ಅದು ನೇಮ. ಹೇಗೂ ಬಾಯಿ ತೆರೆಯಲೇಬೇಕಾದ ಕುರ್ಚಿ ಅದು.

"ಈ ಸಲ ಗಂಡು ಗಂಡನ್ನ, ಹೆಣ್ಣು ಹೆಣ್ಣನ್ನ ಪ್ರೀತಿ ಮಾಡೋ ಕತಿಗಳನ್ನ ಓದೋಣು. ಇಷ್ಟ ವರ್ಷ ಓದೇವಿ, ಇವರ ಕತಿ ಒಂದೂ ಓದಿಲ್ಲ ಅಂದ್ರ ಹೆಂಗ?" ಎಂದರು ಡಾಕ್ಟರು. ಒಂದಿಬ್ಬರು ಕೆಮ್ಮಿದರು. ಯಾರೂ ಎದ್ದು ಹೋಗಲಿಲ್ಲ.

ಡಾಕ್ಟರ ನಂತರ ನಾನು ಇಂದುಮತಿಯ ಕೈಗೆ ಬಂದೆ. ರಕ್ತ ತಪಾಸಣೆಯ ಲ್ಯಾಬಿನಲ್ಲಿ ಕೆಲಸ ಮಾಡುವ ಮೂವತ್ನಾಲ್ಕರ ಹೆಣ್ಣು. ಬೆರಳಿಗೆ ಸದಾ ಸ್ಪಿರಿಟ್ಟಿನ ವಾಸನೆ. ನನ್ನನ್ನು ಅವಳು ಓದಿದ ಹಾಗೆ ಯಾರೂ ಓದಿಲ್ಲ. ಒಂದು ಪುಟ ಓದಿ ಎದ್ದು ಓಡಾಡುವಳು, ಮತ್ತೆ ಬಂದು ಅದೇ ಪುಟಕ್ಕೆ ಕೂರುವಳು. ತೊಂಬತ್ತೊಂದನೇ ಪುಟದಲ್ಲಿ ನೇಕಾರರ ಹುಡುಗಿ ಹೇಳುತ್ತಾಳೆ: "ಊರಿಗೆಲ್ಲ ಸುಳ್ಳು ಹೇಳಬಲ್ಲೆ, ನನ್ನ ಜಡೆ ಹೆಣೆದವಳಿಗೆ ಹೇಳಲಾರೆ." ಇಂದುಮತಿ ಅದರ ಕೆಳಗೆ ಒತ್ತಿ ಗೆರೆ ಎಳೆದಳು. ನನಗೆ ಎಷ್ಟು ಹಿಗ್ಗಾಯಿತು! ಮರುಕ್ಷಣವೇ ರಬ್ಬರು ತಂದು ತಿಕ್ಕಿದಳು. ನನ್ನ ಮೈ ಅಲ್ಲಿ ತೆಳ್ಳಗಾಯಿತು.

ಕಾರಣ ಹೇಳಿಬಿಡುತ್ತೇನೆ. ಇಂದುಮತಿಯ ಅಕ್ಕ ಸುಮಂಗಲಾ ಕೂಡ ಅದೇ ಕೂಟದವಳು. ತಾಯಿ ಸತ್ತಾಗ ಇಂದುಮತಿಗೆ ಒಂಬತ್ತು ವರ್ಷ. ಸಾಕಿದವಳು, ಜಡೆ ಹೆಣೆದವಳು ಈ ಅಕ್ಕನೇ. ಈಗ ತಂಗಿಗೆ ವರ ಹುಡುಕುತ್ತಿದ್ದಾಳೆ. ಆ ಅಕ್ಕನೆದುರು ಕುರ್ಚಿಯ ಮೇಲೆ ಕೂತು ಈ ಸಾಲು ಓದುವುದು ಹೇಗೆ? ಓದಿದರೆ ಅಕ್ಕ ಕೈಬಿಟ್ಟಾಳು ಎಂಬ ಹೆದರಿಕೆ.

ಅಲ್ಲಿಂದ ನಾನು ಕೂಟದ ಬಾಳಿಕಾಯಿ ಕಾಕಾನ ಮನೆಗೆ ಹೋದೆ. ಗಿರೆಪ್ಪ ಬಾಳಿಕಾಯಿ, ಸರ್ವೆ ಕಚೇರಿಯಲ್ಲಿ ಮೂವತ್ತೈದು ವರ್ಷ ಹೊಲಗಳ ನಕ್ಷೆ ಬರೆದು ನಿವೃತ್ತನಾದವನು. ಮಾಸಿದ ಗೆರೆಗಳನ್ನು ಗಟ್ಟಿ ಮಾಡುವುದೇ ಅವನ ಕೆಲಸವಾಗಿತ್ತು. ಕೈಯ ಚಾಳಿ ಹೋಗಿರಲಿಲ್ಲ. ತೊಂಬತ್ತೊಂದನೇ ಪುಟವನ್ನು ಬೆಳಕಿಗೆ ಓರೆ ಹಿಡಿದು, ಪೆನ್ಸಿಲು ಊರಿದ್ದ ಗೀರು ಕಂಡು, "ಪಾಪ, ಮಾಸಿಹೋಗ್ಯದ" ಎಂದ. ಅಳತೆಪಟ್ಟಿ ಇಟ್ಟು ಎಳೆದೇಬಿಟ್ಟ, ಕಪ್ಪಗೆ, ನೆಟ್ಟಗೆ. ಬೇಡ ಕಾಕಾ ಎಂದು ಕೂಗಬೇಕೆನ್ನಿಸಿತು. ಪುಸ್ತಕಕ್ಕೆ ಬಾಯಿ ಎಲ್ಲಿಂದ ಬರಬೇಕು!

ಮುಂದಿನ ರವಿವಾರ ಡಾಕ್ಟರು ನನ್ನನ್ನು ತೆರೆದು ಕೇಳಿದರು. "ಇದು ಯಾರ ಗೆರಿ?"

"ಎಳದಾಂವ ನಾನ, ಆದ್ರ ಗೆರಿ ನಂದಲ್ಲ," ಎಂದ ಬಾಳಿಕಾಯಿ ಕಾಕಾ. "ಹಳೇ ಗೆರಿ ಮಾಸಿತ್ತು, ಗಟ್ಟಿ ಮಾಡಿದೆ. ನನ್ನಕಿಂತ ಮೊದಲ ನಮ್ಮ ಇಂದೂ ಓದಿದ್ಲಲ್ಲ?"

ಇಂದುಮತಿಯ ಮುಖ ಬಿಳಿಚಿತು. ಡಾಕ್ಟರು ಅದನ್ನು ನೋಡಿ, "ಇರ್ಲಿ ಬಿಡ್ರಿ, ಮುಂದ ಹೋಗೋಣು" ಎಂದರು.

ಬಿಡದವಳು ಸುಮಂಗಲಾ. "ಯಾಕ ಬಿಡಬೇಕ್ರಿ? ನೇಮ ಎಲ್ಲಾರಿಗೂ ಒಂದ. ಕುರ್ಚಿ ಮ್ಯಾಲ ಕೂಡ, ಇಂದೂ. ಬರೂ ರವಿವಾರ ನಿನ್ನ ನೋಡಾಕ ಬರ್ತಾರ, ಅವರ ಮುಂದ ಬಾಯಿ ಬಿಡಾಕ ರೂಢಿ ಆಗ್ಲಿ!" ಎಲ್ಲರೂ ನಕ್ಕರು.

ಇಂದುಮತಿ ಕುರ್ಚಿಯ ಮೇಲೆ ಕೂತಳು. ಸಾಲನ್ನು ಓದಿದಳು. ಯಾಕೆ ತಟ್ಟಿತು ಎಂದು ಯಾರೂ ಕೇಳಲಿಲ್ಲ, ಅವಳೇ ಹೇಳಿದಳು. "ಅಕ್ಕಾ, ಬರೂ ರವಿವಾರ ನಾ ಅವರ ಮುಂದ ಕೂಡಂಗಿಲ್ಲ. ಬೆಳಗಾವ್ಯಾಗ ಒಬ್ಬಾಕಿ ಇದ್ದಾಳ. ಆರು ವರ್ಷ ಆತು. ಅಕಿನ್ನ ಬಿಟ್ಟು ನಾ ಇರೂದಿಲ್ಲ. ನಿನ್ನ ಬಿಟ್ಟೂ ಇರೂದಿಲ್ಲ."

ಸುಮಂಗಲಾ ಎದ್ದಳು. ತಂಗಿಯ ಕೈಯಿಂದ ನನ್ನನ್ನು ಕಿತ್ತುಕೊಂಡು ಚೀಲಕ್ಕೆ ತುರುಕಿ ಹೊರಟುಬಿಟ್ಟಳು. ಬಾಳಿಕಾಯಿ ಕಾಕಾ "ನಾ ಏನ್ ಮಾಡಿದೆ?" ಎಂದು ಎಲ್ಲರನ್ನೂ ಕೇಳುತ್ತಿದ್ದದ್ದು ಮೆಟ್ಟಿಲು ಇಳಿಯುವವರೆಗೂ ಕೇಳಿಸಿತು.

ಆಮೇಲಿನ ಒಂದೂವರೆ ತಿಂಗಳು ನನ್ನ ಜೀವನದ ಅತ್ಯಂತ ಚಡಪಡಿಕೆಯ ದಿನಗಳು. ಸುಮಂಗಲಾ ಗಂಡಿನ ಕಡೆಯವರಿಗೆ ಫೋನು ಮಾಡಿ ಬರಬೇಡಿ ಎಂದಳು. ತಂಗಿಯ ಫೋನು ಬಂದರೆ ಎತ್ತಲಿಲ್ಲ. ನನ್ನನ್ನು ಹರಿದು ಒಲೆಗೆ ಹಾಕುತ್ತಾಳೆಂದುಕೊಂಡೆ. ಹಾಕಲಿಲ್ಲ, ಜೋಳದ ಡಬ್ಬಿಯ ಹಿಂದೆ ಒಗೆದಳು. ಎಂಟು ದಿನ ಬಿಟ್ಟು, ಮಧ್ಯಾಹ್ನ ಕುಕ್ಕರು ಇಟ್ಟು, ನನ್ನನ್ನು ಎಳೆದುಕೊಂಡಳು. ಮೂರು ಸೀಟಿ ಆಗುವಷ್ಟು ಹೊತ್ತು ಓದಿ ಮತ್ತೆ ಒಗೆದಳು. ಮರುದಿನ ಮತ್ತೆ. ಕೆಲವು ಪುಟಗಳಿಗೆ "ಥೂ" ಎಂದಳು, ಕೆಲವಕ್ಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ತೊಂಬತ್ತೊಂದನೇ ಪುಟದಲ್ಲಿ ಸೀಟಿಗಳ ಲೆಕ್ಕ ತಪ್ಪಿ ಬೇಳೆ ಸೀದುಹೋಯಿತು.

ಕೊನೆಯ ಪುಟ ಮುಗಿಸಿದ ದಿನ ಸಂಜೆ ಅವಳು ನನ್ನನ್ನು ಹಿಡಿದು ಇಂದುಮತಿಯ ಬಾಡಿಗೆ ಕೋಣೆಯ ಬಾಗಿಲು ಬಡಿದಳು. ಇಂದುಮತಿ ತೆರೆದಳು.

"ಪೂರ್ತಿ ಓದೀನಿ," ಎಂದಳು ಸುಮಂಗಲಾ. "ಚಲೋ ಇಲ್ಲ."

ಇಂದುಮತಿ ತಲೆ ತಗ್ಗಿಸಿದಳು.

"ಕಡೀಕ ಆ ನೇಕಾರರ ಹುಡುಗಿ ಒಬ್ಬಾಕೀನ ಯಾಕ ಉಳೀತಾಳ? ಅಕಿಗೆ ಮನಿ ಮಂದಿ ಯಾರೂ ಇರ್ಲಿಲ್ಲೇನು? ಕರಕೊಂಡ ಬರಾಕ ಏನ ಧಾಡಿ ಅವರಿಗೆ? ಬರದಾಕಿಗೆ ಕರುಳ ಇಲ್ಲ." ಅಕ್ಕನ ದನಿ ಒಡೆಯಿತು. ಮೂಗು ಒರೆಸಿಕೊಂಡು, ಗೋಡೆಯ ಕಡೆ ನೋಡುತ್ತ ಕೇಳಿದಳು: "ನಿನ್ನ ಬೆಳಗಾವಿಯಾಕಿ... ಖಾರ ತಿಂತಾಳೇನು?"

ಇದಾಗಿ ಹನ್ನೊಂದು ವರ್ಷವಾಯಿತು. ನನ್ನ ಅಂಟು ಬಿಟ್ಟಿದೆ, ಹಾಳೆಗಳು ಹಳದಿಯಾಗಿವೆ, ರಟ್ಟಿಗೆ ದಾರ ಕಟ್ಟಿದ್ದಾರೆ. ಕೂಟದವರು ಬೇರೆ ಬೇರೆ ಪುಸ್ತಕಗಳಿಗೆ ಹೋದರು. ನಾನು ಸುಮಂಗಲಾಳ ಅಡುಗೆಮನೆಯ ಮೇಲಿನ ಹಲಗೆಯಲ್ಲಿದ್ದೇನೆ. ಈಗಲೂ ಸುಮ್ಮನಿರಲಾರೆ. ನನ್ನ ಕೊನೆಯ ಪುಟದಲ್ಲಿ ಆ ಹುಡುಗಿ ಇವತ್ತಿಗೂ ಒಬ್ಬಳೇ ಕೂತಿದ್ದಾಳೆ. ಅಚ್ಚಾದದ್ದನ್ನು ನಾನು ಬದಲಿಸಲಾರೆ, ಅದೇ ನನಗೆ ಸಂಕಟ.

ಆದರೆ ಕೆಳಗೆ ರವಿವಾರದ ಊಟ ನಡೆದಿದೆ, ಬೆಳಗಾವಿಯವಳೂ ಕೂತಿದ್ದಾಳೆ. "ಮಂದಾಕಿನಿ, ಇಷ್ಟೇ ತಿಂದ್ರ ಹೆಂಗವಾ ನಿಂಗ? ಇಂದೂ, ಬಡಸ ಅಕಿಗೆ!" ಎಂದು ಸುಮಂಗಲಾ ಬೈಯುತ್ತಿದ್ದಾಳೆ. ಮೂವರೂ ನಗುತ್ತಿದ್ದಾರೆ. ನನ್ನನ್ನು ಬರೆದವಳನ್ನು ಕೈಹಿಡಿದು ಕರೆತಂದು, ಈ ಬಾಗಿಲಲ್ಲಿ ಒಂದು ಗಳಿಗೆ ನಿಲ್ಲಿಸಬೇಕೆನ್ನಿಸುತ್ತದೆ.