ಎರಡು ಕೆಂಪು ಮುಚ್ಚಳ

ಏಳುಮಲೆ ಮಾದಪ್ಪನಾಣೆ, ಇದು ನಮ್ಮ ಸತ್ತೇಗಾಲದಲ್ಲೇ ನಡೆದದ್ದು. ಒಂದೆರಡು ಕಡೆ ನಾನು ಉಪ್ಪುಖಾರ ಹಾಕಿರಬಹುದು. ಮಿಕ್ಕಿದ್ದೆಲ್ಲ ನಿಜ.

ಶಿವಯ್ಯ ನಮ್ಮ ಪಕ್ಕದ ಗದ್ದೆಯವನು. ಬೆಳೆಗೆ ಹೊಡೆಯುವ ಔಷಧಿಯನ್ನು ಅವನು ಹೆಸರಿನಿಂದ ಅಲ್ಲ, ಮುಚ್ಚಳದ ಬಣ್ಣದಿಂದ ಗುರುತಿಸುತ್ತಿದ್ದ. ಕೆಂಪು ಮುಚ್ಚಳ ಹುಳುವಿಗೆ, ಹಸಿರು ಮುಚ್ಚಳ ಕಳೆಗೆ. ನಾವೆಲ್ಲರೂ ಹಾಗೆಯೇ ಎನ್ನಿ.

ಅವನ ಹೆಂಡತಿ ಪುಟ್ಟಮಲ್ಲಮ್ಮ ಊರಿನ ಸ್ವಸಹಾಯ ಸಂಘದ ಇಂಗ್ಲಿಷ್ ಪಾಠಕ್ಕೆ ಸೇರಿದಳು. ಆಗ ಶಿವಯ್ಯ ನಕ್ಕ ನಗುವಿಗೆ ಕಾವೇರಿ ದಡದ ಬೆಳ್ಳಕ್ಕಿಗಳೆಲ್ಲ ಎದ್ದು ಹನೂರಿನಲ್ಲಿ ಹೋಗಿ ಇಳಿದವು.

“ಈ ವಯಸ್ಸಲ್ಲಿ ಎ ಬಿ ಸಿ ಡಿ ಯಾಕಮ್ಮಿ? ಅಸೂನ ಇಂಗ್ಲಿಷಲ್ಲಿ ಕರೆದು ಆಲು ಕರ್ದೀಯಾ?”

“ಅಸು ನಾನು ಯಾವ ಬಾಸೇಲಿ ಅಂದ್ರೂ ಕೇಳ್ತದೆ ಕಣ್ರಿ. ಕೇಳ್ದೆ ಇರೋರು ನೀವೊಬ್ರೆಯ.”

ಪಾಠ ಹೇಳುವ ಕೋಮಲ ಹಿಂದಿನ ಬೀದಿಯ ಹುಡುಗಿ, ಕೊಳ್ಳೇಗಾಲದಲ್ಲಿ ಡಿಗ್ರಿ ಓದಿದವಳು. ಅವಳ ಪಾಠಕ್ಕೆ ಪುಸ್ತಕವಿಲ್ಲ. ಸೋಪಿನ ಕವರು, ಮಾತ್ರೆಯ ಹಾಳೆ, ಔಷಧಿ ಡಬ್ಬದ ಚೀಟಿ, ಇವೇ ಪುಸ್ತಕ. “ಮನೇಲಿರೋದ್ನ ಮೊದ್ಲು ಓದಿ ಅತ್ತೆ. ದಿನಕ್ಕೆ ಎರಡೇ ಪದ ಸಾಕು” ಎನ್ನುತ್ತಿದ್ದಳು. ‘ಇನ್ಸೆಕ್ಟಿಸೈಡ್’ ಎಂದರೆ ಹುಳುವಿನ ಔಷಧಿ, ‘ಹರ್ಬಿಸೈಡ್’ ಎಂದರೆ ಕಳೆ ಸುಡುವ ಔಷಧಿ ಎಂದು ಒಂದು ದಿನ ಚೀಟಿ ತೋರಿಸಿ ಕಲಿಸಿದಳು.

ಅದೇ ವಾರ ಶಿವಯ್ಯನ ಭತ್ತಕ್ಕೆ ಎಲೆ ಸುತ್ತುವ ಹುಳು ಬಿತ್ತು. ಅಟ್ಟದಿಂದ ಕೆಂಪು ಮುಚ್ಚಳದ ಡಬ್ಬ ಇಳಿಸಿಕೊಂಡು ಗದ್ದೆಗೆ ಓಡಿದ. ಬದುವಿನ ಹುಲ್ಲಿಗೆಂದು ಅಳಿಯ ಇನ್ನೊಂದು ಡಬ್ಬ ತಂದಿಟ್ಟಿದ್ದು, ಆ ಕಂಪನಿಯ ಮುಚ್ಚಳವೂ ಕೆಂಪಾಗಿದ್ದು ಅವನಿಗೆ ಗೊತ್ತಿರಲಿಲ್ಲ.

ಪುಟ್ಟಮಲ್ಲಮ್ಮ ಬುತ್ತಿ ತರುವ ಹೊತ್ತಿಗೆ ಅವನು ಮುಚ್ಚಳ ಬಿಚ್ಚುತ್ತಿದ್ದ. ಅವಳು ಡಬ್ಬದ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿದಳು.

“ರೀ, ಸುರೀಬೇಡಿ! ಇದು ಉಳದ್ದಲ್ಲ.”

“ಕೆಂಪು ಮುಚ್ಚಳ ಕಾಣಾಕಿಲ್ವಾ?”

“ಮುಚ್ಚಳಕ್ಕೇನ್ ಗೊತ್ತು? ಇಲ್ಲಿ ಅರ್ಬಿಸೈಡ್ ಅಂತ ಬರ್ದದೆ. ಒಡುದ್ರೆ ಬತ್ತವೇ ಸುಟ್ಟೋಯ್ತದೆ.”

ಶಿವಯ್ಯ ನಂಬಲಿಲ್ಲ. ಮೊಬೈಲಿನಲ್ಲಿ ಡಬ್ಬದ ಫೋಟೊ ತೆಗೆದು ಕೋಮಲಳಿಗೆ ಕಳಿಸಿದ. ಅವಳು ಕೂಡಲೇ ಫೋನು ಮಾಡಿದಳು. “ಅತ್ತೆ ಸರಿಯಾಗೇ ಓದವ್ರೆ ಮಾವ. ಮುಟ್ಬೇಡಿ ಅದ್ನ.”

ಶಿವಯ್ಯ ಬದುವಿನ ಮೇಲೆ ಕುಕ್ಕರಿಸಿದ. ಎದುರಿಗೆ ಹಸಿರು ಗದ್ದೆ ಗಾಳಿಗೆ ತೂಗುತ್ತಿತ್ತು. ಅವನ ಕಣ್ಣೀರು ಹರಿದು ಗದ್ದೆಯ ಎರಡು ಮಡಿಗೆ ನೀರಾಯಿತು.

“ವರ್ಸದ ಅನ್ನ ಉಳಿಸ್ದೆ ಕಣಮ್ಮಿ,” ಎಂದ. “ನಗಬಾರ್ದಿತ್ತು ನಾನು.”

“ನಗಿ, ಪರ್ವಾಗಿಲ್ಲ. ನಕ್ಕೊಂಡೇ ನಾಳೆ ಪಾಠಕ್ಕೆ ಬನ್ನಿ.”

ಅಂದು ಸಂಜೆಯೇ ಅವಳು ಓದಿ ತೋರಿಸಿದ ಇನ್ನೊಂದು ಕೆಂಪು ಮುಚ್ಚಳದ ಡಬ್ಬದಿಂದ ಶಿವಯ್ಯ ಹುಳುವಿಗೆ ಹೊಡೆದ. ಮರುದಿನ ಎಲ್ಲರಿಗಿಂತ ಮೊದಲು ಚಾಪೆಯ ಮೇಲೆ ಕೂತಿದ್ದವನು ಶಿವಯ್ಯನೇ. ಈಗ ‘ಎಂ’ ಬರೆಯುವಾಗ ಅವನ ನಾಲಿಗೆ ಎದೆಯ ತನಕ ಇಳಿಯುತ್ತದೆ. ಕೋಮಲಳನ್ನು ಕಂಡರೆ ಟವೆಲ್ ತೆಗೆದು ಕೈ ಮುಗಿಯುತ್ತಾನೆ.

ಅಕ್ಕಂದಿರೇ, ಅಣ್ಣಂದಿರೇ, ಕನ್ನಡ ಬಿಡಿ ಎಂದು ಯಾರೂ ಹೇಳುತ್ತಿಲ್ಲ. ಅದರ ಜೊತೆಗೆ ದಿನಕ್ಕೆ ಎರಡು ಇಂಗ್ಲಿಷ್ ಪದ ಕಲಿಯಿರಿ. ಬಲ್ಲವರು ಪಕ್ಕದ ಮನೆಯವರಿಗೆ ಕಲಿಸಿ. ಔಷಧಿಯ ಹೆಸರು ಓದದೆ ಮುಚ್ಚಳ ಬಿಚ್ಚಬೇಡಿ.

ಕಥೆ ಪುಕ್ಕಟೆ ಎಂದುಕೊಂಡಿರಾ? ನಾಳೆ ಸಂಜೆ ನಿಮ್ಮ ಮನೆಗೇ ಬರುತ್ತೇನೆ. ಕಾಫಿಪುಡಿ ಪೊಟ್ಟಣದ ಮೇಲಿನ ಇಂಗ್ಲಿಷನ್ನು ನನಗೆ ಓದಿ ಹೇಳಬೇಕು. ಹೇಗೂ ಪೊಟ್ಟಣ ಕೈಯಲ್ಲೇ ಇರುತ್ತದಲ್ಲ, ಒಲೆ ಹಚ್ಚಿಬಿಡಿ. ಸಕ್ಕರೆ ಒಂದು ಚಮಚ ಜಾಸ್ತಿ ಇರಲಿ.