ಮೊದಲನೆಯದೋ, ಎರಡನೆಯದೋ

ಕನ್ನಡಕದಂಗಡಿಯಾಕೆಗೆ ಒಂದು ಕೆಟ್ಟ ಚಾಳಿಯಿತ್ತು. ಕಣ್ಣಿನ ಪರೀಕ್ಷೆ ಮುಗಿದ ಮೇಲೂ ಗಿರಾಕಿಯನ್ನು ಸುಮ್ಮನೆ ಬಿಡುತ್ತಿರಲಿಲ್ಲ. ಕಣ್ಣಿಗೆ ತೊಡಿಸಿದ ಚೌಕಟ್ಟಿನಿಂದ ಗಾಜು ತೆಗೆದು, ಅದೇ ಗಾಜನ್ನು ತಿರುಗಿ ಸಿಕ್ಕಿಸಿ, "ಮೊದಲನೇದು ಚೆನ್ನಾಗಿತ್ತಾ, ಎರಡನೇದಾ?" ಎಂದು ಏನೂ ಅರಿಯದವಳಂತೆ ಕೇಳುತ್ತಿದ್ದಳು. ಹದಿನೆಂಟು ವರ್ಷಗಳಲ್ಲಿ ಬಂದವರೆಲ್ಲ, ಕಾಲೇಜಿನ ತತ್ತ್ವಶಾಸ್ತ್ರದ ಮೇಷ್ಟ್ರೂ ಸೇರಿ, ಕತ್ತು ಕೊಂಕಿಸಿ ಒಂದೇ ರಾಗ ಹಾಡಿದ್ದರು: "ಎರಡನೇದೇ. ಸ್ವಲ್ಪ ಸ್ಪಷ್ಟ." ಮನುಷ್ಯನ ಸ್ವಂತ ಇಚ್ಛೆ ಎಂಬುದೆಲ್ಲ ಬರೀ ಬೊಗಳೆ ಎಂದು ಆಕೆ ಒಳಗೊಳಗೇ ನಗುತ್ತಿದ್ದಳು.

ಆ ನಗು ಈಗ ಅವಳ ಮೇಲೇ ತಿರುಗಿಬಿದ್ದಿತ್ತು. ನಲವತ್ತರ ಹೊಸ್ತಿಲಲ್ಲಿ ಇಬ್ಬರು ಅವಳನ್ನು ಮದುವೆಗೆ ಕೇಳಿದ್ದರು. ಮೊದಲು ಅಕ್ಕ ತಂದ ಸಂಬಂಧ, ಔಷಧ ಕಂಪನಿಯ ಮ್ಯಾನೇಜರ್. ಹದಿನೈದು ದಿನದ ಮೇಲೆ ಪಕ್ಕದಂಗಡಿಯ ಗಡಿಯಾರ ರಿಪೇರಿಯವನು. ಮನಸ್ಸು ಗಡಿಯಾರದವನ ಕಡೆಗೇ ಜಗ್ಗುತ್ತಿತ್ತು. ಆದರೆ ಅವನು ಬಂದದ್ದು ಎರಡನೆಯವನಾಗಿ! ತಾನೂ ಕುರ್ಚಿಯಲ್ಲಿ ಕೂತ ಗಿರಾಕಿಯೇ ಆಗಿಬಿಟ್ಟೆನೇ ಎಂದು ಅವಳಿಗೆ ನಿಜಕ್ಕೂ ಭಯವಾಯಿತು. ಸಂಜೆಯೊಳಗೆ ಉತ್ತರ ಬೇಕೆಂದು ಅಕ್ಕ ಬೇರೆ ಪಟ್ಟು ಹಿಡಿದಿದ್ದಳು.

ಮಧ್ಯಾಹ್ನ ಗಡಿಯಾರದವನನ್ನೇ ಎಳೆತಂದು ಕುರ್ಚಿಯಲ್ಲಿ ಕೂರಿಸಿದಳು. ಇವನೂ ಎರಡನೆಯದೇ ಎಂದರೆ ಯಾರ ಇಷ್ಟವನ್ನೂ ನಂಬುವಂತಿಲ್ಲ, ಇಬ್ಬರಿಗೂ ಕೈಮುಗಿದುಬಿಡುವುದು ಎಂದು ನಿಶ್ಚಯಿಸಿದ್ದಳು. ಪರೀಕ್ಷೆಯೆಲ್ಲ ಮುಗಿಸಿ, ಕೊನೆಗೆ ಗಾಜು ತೆಗೆದಳು, ಅದನ್ನೇ ಸಿಕ್ಕಿಸಿದಳು.

"ಮೊದಲನೇದಾ, ಎರಡನೇದಾ?"

"ಎರಡೂ ಒಂದೇ ರೀ."

ಅವಳಿಗೆ ಕುಣಿಯುವಷ್ಟು ಖುಷಿಯಾಯಿತು. "ಸರಿಯಾಗಿ ನೋಡಿ," ಎಂದಳು, ಬಿಗುಮಾನದಿಂದ.

"ನೋಡೋದೇನು, ಕೇಳಿಸ್ತಲ್ಲ. ಮುಂಚೆ ಹಾಕಿದ್ದೆಲ್ಲ ಬೇರೆ ಬೇರೆ ಸದ್ದು ಮಾಡ್ತು. ಇದು ಎರಡು ಸಲಾನೂ ಅದೇ ಟಿಕ್."

ಖುಷಿ ಅರ್ಧಕ್ಕರ್ಧ ಇಳಿಯಿತು. "ಅಯ್ಯೋ, ಹಾಗಾದ್ರೆ ಅದು ನೀವು ಹೇಳಿದ ಹಾಗೆಲ್ಲಾಯ್ತು? ಇಪ್ಪತ್ತು ವರ್ಷ ಗಡಿಯಾರ ಕೇಳಿ ಕೇಳಿ ಪಳಗಿದ ಕಿವಿ ಹೇಳಿಸ್ತು. ನಿಮ್ಮದೇನಿದೆ ಇದ್ರಲ್ಲಿ?"

ಅವನು ಚೌಕಟ್ಟು ಕಳಚಿ ಕಣ್ಣುಜ್ಜಿಕೊಂಡ. "ಕಿವಿ ನಂದೇ ಅಲ್ವೇನ್ರೀ?"

ನಿಜವೇ ಅನ್ನಿಸಿತು ಅವಳಿಗೆ. ಕಿವಿ ಅವನದೇ. ಯಾವ ಕಾರಣಕ್ಕೆ ಜಗ್ಗಿದರೂ ಈ ಮನಸ್ಸೂ ತನ್ನದೇ. ಇಷ್ಟು ದಿನ ಸುಮ್ಮನೆ ತಲೆ ಕೆಡಿಸಿಕೊಂಡೆನಲ್ಲ ಎಂದು ನಗು ಬಂತು.

ಅಷ್ಟರಲ್ಲಿ ಅಕ್ಕನ ಫೋನು. "ಏನೇ, ಮೊದಲನೇವ್ರೋ, ಎರಡನೇವ್ರೋ?"

ಅವಳು ಕತ್ತು ಕೊಂಕಿಸಿ ಗಡಿಯಾರದವನನ್ನು ನೋಡಿದಳು.

"ಎರಡನೇವ್ರೇ ಕಣೇ ಅಕ್ಕ," ಎಂದಳು. "ಸ್ವಲ್ಪ ಸ್ಪಷ್ಟ."